ಕೆಟ್ಟು ವಾಪಸ್ ಬಂದ ಸಾಧನಗಳು

ಅಧ್ಯಾಪಕಿ: ನಮ್ಮ ಕಾಲೇಜು ಹಲವು ಕಂಪನಿಗಳ ಜೊತೆ ಎಂಓಯು ಮಾಡಿಕೊಂಡಿದೆ ಸರ್. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಆ ಫೈಲನ್ನೇ ಮೊದಲು ಮುಂದಿಟ್ಟಿದ್ದೆವು. ಇಂಟರ್ನ್‌ಶಿಪ್, ಗೆಸ್ಟ್ ಲೆಕ್ಚರ್, ಲ್ಯಾಬಿಗೆ ಒಂದಷ್ಟು ಬೋರ್ಡು, ಎಲ್ಲ ಅದರಲ್ಲಿದೆ. ಆದರೆ ಇದರಿಂದ ಊರಿನ ಒಂದು ನೀರಿನ ಟ್ಯಾಂಕಿನ ಸೆನ್ಸರಾದರೂ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿತೇ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಎಂಜಿನಿಯರ್: ಆ ಫೈಲಿನಲ್ಲಿ ಒಂದು ಸಮಸ್ಯೆಯ ಹೆಸರಾದರೂ ಇದೆಯೇ ಮೇಡಂ? ಇಂಥ ಸಾಧನ ಇಂಥ ಕಡೆ ಕೈಕೊಡುತ್ತಿದೆ, ಯಾಕೆ ಅಂತ ಇಬ್ಬರೂ ಸೇರಿ ನೋಡೋಣ ಅನ್ನುವ ಒಂದು ಸಾಲು?

ಅಧ್ಯಾಪಕಿ: ಇಲ್ಲ. ಇಂಟರ್ನೆಟ್ ಆಫ್ ಥಿಂಗ್ಸ್ ಕ್ಷೇತ್ರದಲ್ಲಿ ಪರಸ್ಪರ ಸಹಕಾರ ಅಂತ ಇರುತ್ತೆ.

ಎಂಜಿನಿಯರ್: ಹಾಗೆ ಬರೆದರೆ ಯಾರೂ ಏನೂ ಮಾಡಬೇಕಾಗಿ ಬರುವುದಿಲ್ಲ. ಪೀಣ್ಯದಲ್ಲಿ ಮೀಟರು, ಲೆವೆಲ್ ಸೆನ್ಸರು ಮಾಡುವ ಕಂಪನಿಯಲ್ಲಿ ಇಷ್ಟು ವರ್ಷ ಸರ್ವಿಸ್ ವಿಭಾಗ ನೋಡಿಕೊಂಡವನು ನಾನು. ನನ್ನ ಅನುಭವದಲ್ಲಿ, ಇಬ್ಬರ ಮುಂದೆ ಒಂದೇ ತೊಂದರೆ ಇದ್ದಾಗ ಮಾತ್ರ ಕೆಲಸ ಆಗುತ್ತೆ. ಈ ಇಂಟರ್ನೆಟ್ ಆಫ್ ಥಿಂಗ್ಸ್ ಶುರುವಾದದ್ದೂ ಹಾಗೇ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ಕೆವಿನ್ ಆಷ್ಟನ್ ಅನ್ನುವವರು ಲಿಪ್‌ಸ್ಟಿಕ್ ಮಾರಾಟ ನೋಡಿಕೊಳ್ಳುತ್ತಿದ್ದರು. ಒಂದು ಬಣ್ಣದ ಲಿಪ್‌ಸ್ಟಿಕ್ ಅಂಗಡಿಯ ಕಪಾಟಿನಲ್ಲಿ ಸಿಗುತ್ತಲೇ ಇರಲಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಇದೆ, ಗೋದಾಮಿನಲ್ಲಿ ಇದೆ, ಗಿರಾಕಿ ಕೈಚಾಚುವ ಜಾಗದಲ್ಲಿ ಇಲ್ಲ. ಕಪಾಟಿನಲ್ಲಿ ಏನಿದೆ ಏನಿಲ್ಲ ಅಂತ ಸರಕೇ ತಿಳಿಸುವಂತಿದ್ದರೆ ಅಂತ ಅವರು ಯೋಚಿಸಿದರು. ಅದೇ ಹೊತ್ತಿಗೆ ಎಂಐಟಿಯಲ್ಲಿ ಡೇವಿಡ್ ಬ್ರಾಕ್ ಮತ್ತು ನಮ್ಮ ಐಐಟಿ ಕಾನ್ಪುರದಲ್ಲಿ ಓದಿದ ಸಂಜಯ್ ಶರ್ಮ ಇನ್ನೊಂದು ತೊಂದರೆಯಲ್ಲಿದ್ದರು. ರೋಬಾಟಿಗೆ ಎದುರಿನ ವಸ್ತು ಯಾವುದು ಅಂತ ಗುರುತಿಸುವುದು ಹೇಗೆ? ಕ್ಯಾಮೆರಾ ನೋಡಿ ಊಹಿಸುವ ಬದಲು ವಸ್ತುವೇ ತನ್ನ ನಂಬರ್ ಹೇಳಿದರೆ ಆಗದೇ? ಅಂಗಡಿಯ ತೊಂದರೆ, ಲ್ಯಾಬಿನ ತೊಂದರೆ ಎರಡೂ ಒಂದೇ ಅಂತ ಎರಡು ಕಡೆಯವರಿಗೂ ತಿಳಿಯಿತು. 1999ರಲ್ಲಿ ಎಂಐಟಿಯಲ್ಲಿ ಆಟೊ-ಐಡಿ ಸೆಂಟರ್ ಹುಟ್ಟಿತು. ಮೊದಲು ಹಣ ಹಾಕಿದವರು ಜಿಲೆಟ್, ಪ್ರಾಕ್ಟರ್ ಅಂಡ್ ಗ್ಯಾಂಬಲ್, ಮತ್ತೆ ಅಮೆರಿಕದಲ್ಲಿ ಬಾರ್‌ಕೋಡ್ ನೋಡಿಕೊಳ್ಳುತ್ತಿದ್ದ ಯೂನಿಫಾರ್ಮ್ ಕೋಡ್ ಕೌನ್ಸಿಲ್.

ಅಧ್ಯಾಪಕಿ: ರೇಡಿಯೊ ಮೂಲಕ ವಸ್ತುವನ್ನು ಗುರುತಿಸುವ ಆರ್‌ಎಫ್‌ಐಡಿ ಟ್ಯಾಗ್ ಅದಕ್ಕೂ ಮೊದಲೇ ಇತ್ತಲ್ಲ ಸರ್?

ಎಂಜಿನಿಯರ್: ಇತ್ತು, ಆದರೆ ದುಬಾರಿ. ಸರಕಿನ ವಿವರವನ್ನೆಲ್ಲ ಚಿಪ್ಪಿನೊಳಗೇ ತುಂಬಬೇಕು ಅಂತ ಮಾಡುವವರು ಅಂದುಕೊಂಡಿದ್ದರು. ವಿಶ್ವವಿದ್ಯಾಲಯದವರು ಅದನ್ನು ತಿರುಗಿಸಿಹಾಕಿದರು. ಚಿಪ್ಪಿನಲ್ಲಿ ಬರೀ ಒಂದು ನಂಬರ್ ಇರಲಿ, ಉಳಿದದ್ದೆಲ್ಲ ನೆಟ್‌ವರ್ಕಿನಲ್ಲಿರಲಿ ಅಂದರು. ಚಿಪ್ ಸಣ್ಣದಾಯಿತು, ಒಂದು ಟ್ಯಾಗಿನ ಬೆಲೆಯನ್ನು 5 ಸೆಂಟಿಗೆ ಇಳಿಸುವ ಗುರಿ ಇಟ್ಟುಕೊಳ್ಳಲು ಧೈರ್ಯ ಬಂತು. 2003ರಲ್ಲಿ ಆ ಸೆಂಟರನ್ನು ಮುಚ್ಚಿ, ಮಾನಕಗಳನ್ನು ನೋಡಿಕೊಳ್ಳುವ ಕೆಲಸವನ್ನು ಉದ್ಯಮದವರ ಸಂಸ್ಥೆಗೆ ಒಪ್ಪಿಸಿದರು, ಸಂಶೋಧನೆಯನ್ನು ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳ ಲ್ಯಾಬುಗಳು ಮುಂದುವರಿಸಿದವು. ನೀವು ನೆಲಮಂಗಲದ ಟೋಲ್ ದಾಟುವಾಗ ಕಾರಿನ ಗಾಜಿನ ಮೇಲಿರುವ ಫಾಸ್ಟ್ಯಾಗ್ ಕೆಲಸ ಮಾಡುವುದು ಅದೇ ಮಾನಕದ ಎರಡನೇ ತಲೆಮಾರಿನ ಮೇಲೆ. 2010ರಲ್ಲಿ ನಂದನ್ ನಿಲೇಕಣಿ ಅವರ ಸಮಿತಿ ನಮ್ಮ ಹೆದ್ದಾರಿಗಳಿಗೆ ಅದನ್ನೇ ಆರಿಸಿತು. ಮಾನಕ ಮುಕ್ತವಾಗಿದ್ದರಿಂದ ಟ್ಯಾಗ್ ಒಬ್ಬರು, ರೀಡರ್ ಇನ್ನೊಬ್ಬರು ಮಾಡಬಹುದು, ಯಾವ ಒಂದು ಕಂಪನಿಗೂ ದೇಶ ಕಟ್ಟುಬೀಳಬೇಕಾಗಲಿಲ್ಲ.

ಅಧ್ಯಾಪಕಿ: ಆ ಕಥೆಗೆ ಇನ್ನೊಂದು ಮುಖವೂ ಇದೆ ಸರ್, ಅದನ್ನೂ ಹೇಳಬೇಕು. 2003ರಲ್ಲೇ ಇಂಗ್ಲೆಂಡಿನ ಕೇಂಬ್ರಿಜ್‌ನ ಒಂದು ಟೆಸ್ಕೊ ಅಂಗಡಿಯಲ್ಲಿ, ಜಿಲೆಟ್ ಬ್ಲೇಡಿನ ಪ್ಯಾಕೆಟ್ ಎತ್ತಿಕೊಂಡವರ ಫೋಟೊ ತಾನಾಗಿ ತೆಗೆಯುವ ಪ್ರಯೋಗ ನಡೆಯಿತು. ಜನ ಸಿಟ್ಟಾದರು, ಪ್ರತಿಭಟನೆ ಆಯಿತು. ಕಂಪನಿ ಮತ್ತು ವಿಜ್ಞಾನಿ ಇಬ್ಬರೇ ಕೂತು ಮಾತಾಡಿದರೆ ಮೂರನೆಯವರು ಮರೆತುಹೋಗುತ್ತಾರೆ. ಪ್ಯಾಕೆಟ್ ಎತ್ತಿಕೊಳ್ಳುವವರನ್ನು ಯಾರೂ ಕೇಳಿರಲಿಲ್ಲ.

ಎಂಜಿನಿಯರ್: ನಿಜ. ಟ್ಯಾಗನ್ನು ಶಾಶ್ವತವಾಗಿ ಸುಮ್ಮನಾಗಿಸುವ ಆದೇಶ ಮಾನಕದಲ್ಲೇ ಇದೆ, ಆದರೆ ಅದು ಇದೆ ಅಂತ ಗಿರಾಕಿಗೆ ಯಾರು ಹೇಳಿದರು? ನೀವು ಹೇಳಿದ ಮೂರನೆಯವರನ್ನು ಮೊದಲೇ ಕೇಳಿದ ಕೆಲಸ ಯಾವುದಾದರೂ ಇದೆಯೇ?

ಅಧ್ಯಾಪಕಿ: ನಮ್ಮ ಜಿಲ್ಲೆಯಲ್ಲೇ ಇದೆ. ಪಾವಗಡ ತಾಲ್ಲೂಕಿನ ಚೆನ್ನಕೇಶವಪುರ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಐಐಎಸ್‌ಸಿಯ ಸಿಇಡಿಟಿ ವಿಭಾಗ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್‌ನ ಇಪಿಎಫ್‌ಎಲ್ ಸೇರಿ ಅಲ್ಲಿನ ಹೊಲಗಳಲ್ಲಿ ವೈರ್‌ಲೆಸ್ ಸೆನ್ಸರ್ ಜಾಲ ಹಾಕಿದರು. ಕಾಮನ್‌ಸೆನ್ಸ್ ನೆಟ್ ಅಂತ ಅದರ ಹೆಸರು. ಎಚ್.ಎಸ್. ಜಮದಗ್ನಿ, ಟಿ.ವಿ. ಪ್ರಭಾಕರ್, ಶೇಷಗಿರಿ ರಾವ್ ಈ ಕಡೆಯಿಂದ, ಜಾಕ್ ಪಾಂಶಾರ್, ಜಾನ್-ಪಿಯರ್ ಉಬೊ ಆ ಕಡೆಯಿಂದ. ಸೆನ್ಸರ್ ನೆಡುವುದಕ್ಕೆ ಮೊದಲು ಅವರು ಊರೂರಿಗೆ ಹೋಗಿ, ನಿಮಗೆ ಏನು ತಿಳಿದರೆ ಉಪಯೋಗ ಅಂತ ರೈತರನ್ನು ಕೇಳಿದರು. ಪಾವಗಡದಲ್ಲಿ ನೀರಾವರಿ ಕಡಿಮೆ, ಮಳೆ ನಂಬಿ ಕಡಲೆಕಾಯಿ ಬಿತ್ತುವ ಸೀಮೆ. ಮಣ್ಣಿನ ತೇವ, ಉಷ್ಣಾಂಶ, ಗಾಳಿಯ ಆರ್ದ್ರತೆ ಅಳೆದು ಬೆಂಗಳೂರಿಗೆ ಕಳಿಸುವ ಏರ್ಪಾಡು ಮಾಡಿದರು. 2007ರಲ್ಲಿ ಅದರ ಪ್ರಬಂಧ ಬಂತು. ಇಂಟರ್ನೆಟ್ ಆಫ್ ಥಿಂಗ್ಸ್ ಅನ್ನುವ ಪದ ನಮ್ಮ ಸಿಲಬಸ್ಸಿಗೆ ಬರುವ ಎಷ್ಟೋ ಮೊದಲು.

ಎಂಜಿನಿಯರ್: ಆಮೇಲೆ?

ಅಧ್ಯಾಪಕಿ: ಸಂಶೋಧನೆಗೆ ಅದು ದೊಡ್ಡ ಲಾಭ. ಬೆಳೆಯ ಮಾದರಿಗಳನ್ನು ಒರೆಗೆ ಹಚ್ಚುವುದಕ್ಕೆ ಹೊಲದ ಅಳತೆಗಳು ಸಿಕ್ಕವು, ಅದರಲ್ಲಿ ಪಳಗಿದವರು ತಯಾರಾದರು. ಆದರೆ ಪಾವಗಡದ ರೈತ ಅಂಗಡಿಗೆ ಹೋಗಿ, ಬೋರಿನ ಸ್ಟಾರ್ಟರ್ ಕೊಳ್ಳುವಂತೆ ಕೊಳ್ಳಬಹುದಾದ ಸಾಧನ ಆಗಲಿಲ್ಲ. ಯಾಕೆ ಅಂತ ನಾನು ಬಹಳ ಯೋಚನೆ ಮಾಡಿದ್ದೀನಿ. ವಿಜ್ಞಾನಿ ಇದ್ದರು, ರೈತ ಇದ್ದರು. ಸಾವಿರಗಟ್ಟಲೆ ಮಾಡಿ, ಮಾರಿ, ಕೆಟ್ಟಾಗ ರಿಪೇರಿ ಮಾಡಿಕೊಡುವ ಕೈ ಬೇಕಿತ್ತು.

ಎಂಜಿನಿಯರ್: ರಿಪೇರಿ ಅಂದಿರಲ್ಲ, ನಾನು ಹೇಳಬೇಕಾದದ್ದು ಅದನ್ನೇ. ಇದನ್ನು ಕೈಯಲ್ಲಿ ಹಿಡಿದು ನೋಡಿ. ಕಲ್ಯಾಣ ಕರ್ನಾಟಕದ ಒಂದು ಊರಿನಿಂದ ವಾಪಸ್ ಬಂದ ನೀರಿನ ಮೀಟರಿನ ಬೋರ್ಡು. ಹೊರಗಿನಿಂದ ಏನೂ ಆಗಿಲ್ಲ. ಸೋಲ್ಡರ್ ಹೊಳೆಯುತ್ತಿದೆ, ಇರುವೆ ಗೂಡು ಕಟ್ಟಿಲ್ಲ, ತುಕ್ಕಿಲ್ಲ. ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ.

ಅಧ್ಯಾಪಕಿ: 3.6 ವೋಲ್ಟ್ ತೋರಿಸುತ್ತೆ. ತುಂಬಿದೆ.

ಎಂಜಿನಿಯರ್: ತುಂಬಿದ ಬ್ಯಾಟರಿ, ಸತ್ತ ಮೀಟರು. ಇದರಲ್ಲಿರುವುದು ಲಿಥಿಯಂ ಥಯೊನಿಲ್ ಕ್ಲೋರೈಡ್ ಸೆಲ್. ಮೀಟರುಗಳಿಗೆಲ್ಲ ಇದನ್ನೇ ಹಾಕುವುದು. ಸುಮ್ಮನೆ ಇಟ್ಟರೆ ವರ್ಷಕ್ಕೆ ಶೇ. 1ರಷ್ಟು ಚಾರ್ಜ್ ಮಾತ್ರ ಸೋರುತ್ತೆ, ಹತ್ತು ವರ್ಷ ಬಾಳುತ್ತೆ ಅಂತ. ಅಷ್ಟು ಕಡಿಮೆ ಸೋರುವುದು ಯಾಕೆ ಗೊತ್ತೇ? ಲಿಥಿಯಂ ಮೇಲೆ ಲಿಥಿಯಂ ಕ್ಲೋರೈಡಿನ ಒಂದು ತೆಳು ಪದರ ಕಟ್ಟಿಕೊಳ್ಳುತ್ತೆ. ಒಳಗಿನ ರಾಸಾಯನಿಕ ಕ್ರಿಯೆಯನ್ನು ಆ ಪದರವೇ ತಡೆದು ಹಿಡಿಯುತ್ತೆ. ಸಾಧನ ತಿಂಗಳುಗಟ್ಟಲೆ ಬರೀ ಕೆಲವು ಮೈಕ್ರೊಆಂಪಿಯರ್ ಎಳೆಯುತ್ತಾ ನಿದ್ದೆಯಲ್ಲಿದ್ದರೆ ಪದರ ದಪ್ಪವಾಗುತ್ತೆ. ಬಿಸಿಲಿಗೆ ಕಾದ ಪೆಟ್ಟಿಗೆಯೊಳಗೆ ಇನ್ನೂ ಬೇಗ. ಒಂದು ದಿನ ರೇಡಿಯೊ ಎದ್ದು ಸುದ್ದಿ ಕಳಿಸಬೇಕು ಅಂತ ಒಮ್ಮೆಲೇ ಕರೆಂಟ್ ಕೇಳುತ್ತೆ. 2ಜಿ ಮೋಡೆಮ್ ಆದರೆ ಕ್ಷಣಮಾತ್ರ 2 ಆಂಪಿಯರ್‌ವರೆಗೂ ಕೇಳಬಹುದು. ಪದರ ದಾಟಿ ಅಷ್ಟು ಬರುವುದಿಲ್ಲ, ವೋಲ್ಟೇಜ್ ಧೊಪ್ಪನೆ ಬೀಳುತ್ತೆ, ಪ್ರೊಸೆಸರ್ ರೀಸೆಟ್ ಆಗುತ್ತೆ. ಎದ್ದು ಮತ್ತೆ ಪ್ರಯತ್ನ, ಮತ್ತೆ ರೀಸೆಟ್. ನೀವು ಮಲ್ಟಿಮೀಟರ್ ಹಿಡಿದಾಗ ಅದು ಕೇಳುವ ಕರೆಂಟ್ ಇಲ್ಲದಷ್ಟು ಕಡಿಮೆ. ಹಾಗಾಗಿ 3.6 ತೋರಿಸುತ್ತೆ.

ಅಧ್ಯಾಪಕಿ: ನಮ್ಮ ಲ್ಯಾಬಿನಲ್ಲಿ ಇದು ಯಾವತ್ತೂ ಕಾಣುವುದಿಲ್ಲ ಸರ್. ಹುಡುಗರು ಬೆಂಗಳೂರಿನ ಎಸ್.ಪಿ. ರೋಡಿನಿಂದ ಬೋರ್ಡ್ ತರುತ್ತಾರೆ, ಟೇಬಲ್ ಮೇಲಿನ ಪವರ್ ಸಪ್ಲೈಗೆ ಸಿಕ್ಕಿಸುತ್ತಾರೆ. ಅದು ಎಷ್ಟು ಕೇಳಿದರೂ ಕೊಡುತ್ತೆ. ಹೊಸ ಸೆಲ್ ಹಾಕಿದರೂ ಸೆಮಿಸ್ಟರ್ ಮುಗಿಯುವುದರೊಳಗೆ ಪದರ ಅಷ್ಟು ದಪ್ಪವಾಗುವುದೇ ಇಲ್ಲ. ವೈವಾ ದಿನ ಮೊಬೈಲಿನಲ್ಲಿ ಗ್ರಾಫ್ ಬಂತು ಅಂದರೆ ಪ್ರಾಜೆಕ್ಟ್ ಪಾಸ್.

ಎಂಜಿನಿಯರ್: ಕಂಪನಿಯಲ್ಲಿ ಇನ್ನೊಂದು ತರಹ. ನಮಗೆ ಇದು ಕಾಣುತ್ತೆ, ಕೂತು ನೋಡುವ ಸಮಯ ಇಲ್ಲ. ಗ್ರಾಹಕ ಫೋನ್ ಮಾಡಿದ, ಸರ್ವಿಸ್ ಹುಡುಗ ಹೋದ, ಹೊಸ ಬೋರ್ಡ್ ಹಾಕಿ ಬಂದ, ಹಳೆಯದನ್ನು ಪೆಟ್ಟಿಗೆಗೆ ಎಸೆದ. ಪಕ್ಕಕ್ಕೊಂದು ಕೆಪಾಸಿಟರ್ ಕೂರಿಸಬಹುದು, ಆಗಾಗ ಸೆಲ್ಲಿನಿಂದ ಸ್ವಲ್ಪ ಕರೆಂಟ್ ಎಳೆದು ಪದರ ಒಡೆಯುವಂತೆ ಫರ್ಮ್‌ವೇರ್ ಬರೆಯಬಹುದು, ಮದ್ದು ಇಲ್ಲ ಅಂತಲ್ಲ. ಆದರೆ ಎಷ್ಟು ದಿನಕ್ಕೊಮ್ಮೆ ಎಳೆಯಬೇಕು? ರಾಯಚೂರಿನ ಏಪ್ರಿಲ್‌ಗೂ ಮಡಿಕೇರಿಯ ಜುಲೈಗೂ ಒಂದೇ ಲೆಕ್ಕ ಸಾಕೇ? ಅದಕ್ಕೆ ವರ್ಷಗಟ್ಟಲೆ ಅಳೆಯಬೇಕು. ಮೂರು ತಿಂಗಳಿಗೊಮ್ಮೆ ಲಾಭ ತೋರಿಸಬೇಕಾದ ಕಂಪನಿ ಅದನ್ನು ಮಾಡುವುದಿಲ್ಲ, ಪಿಎಚ್‌ಡಿ ವಿದ್ಯಾರ್ಥಿ ಮಾಡಬಲ್ಲ. ನನ್ನ ಮಾತು ಇಷ್ಟೇ: ಕಂಪನಿಗಳು ಕಾಲೇಜಿಗೆ ಹೊಸ ಬೋರ್ಡ್ ಕೊಡುವುದು ಬೇಡ, ಕೆಟ್ಟು ವಾಪಸ್ ಬಂದದ್ದನ್ನು ಕೊಡಲಿ.

ಅಧ್ಯಾಪಕಿ: ಕೊಡುತ್ತಾರೆಯೇ? ನಮ್ಮ ಅನುಭವ ಹೇಳುತ್ತೀನಿ ಕೇಳಿ. ಒಂದು ಕಂಪನಿ ನಮ್ಮ ಎಂಟೆಕ್ ಹುಡುಗಿಯನ್ನು ಇಂಟರ್ನ್ ಅಂತ ತೆಗೆದುಕೊಂಡಿತು. ಮೊದಲ ದಿನವೇ ಗೌಪ್ಯತೆಯ ಕರಾರಿಗೆ ಸಹಿ. ಆರು ತಿಂಗಳು ಒಳ್ಳೆಯ ಕೆಲಸ ಮಾಡಿದಳು, ಪ್ಯಾಕೆಟ್‌ಗಳು ಎಲ್ಲಿ ಕಳೆದುಹೋಗುತ್ತಿವೆ ಅಂತ ಪತ್ತೆಹಚ್ಚಿದಳು. ಥೀಸಿಸ್ ಬರೆಯುವಾಗ ಒಂದು ಅಂಕಿಯನ್ನೂ ಹಾಕುವ ಹಾಗಿಲ್ಲ ಅಂದರು. ಕೊನೆಗೆ ಪುಸ್ತಕದಲ್ಲಿ ಸಿಗುವ ವಿಷಯವನ್ನೇ ಬರೆದು ಡಿಗ್ರಿ ತೆಗೆದುಕೊಂಡಳು. ಅವಳು ಕಂಡುಕೊಂಡದ್ದು ಅವಳ ಜೂನಿಯರ್‌ಗಳಿಗೂ ತಿಳಿಯಲಿಲ್ಲ. ನಿಮ್ಮವರಿಗೆ ಬೇಕಿರುವುದು ಕಡಿಮೆ ಸಂಬಳದ ಕೈಗಳು ಅಂತ ನಾವು ಅಂದುಕೊಂಡರೆ ತಪ್ಪೇ?

ಎಂಜಿನಿಯರ್: ತಪ್ಪಲ್ಲ. ಆದರೆ ಹೆದರಿಕೆ ಯಾವುದು ಅಂತಲೂ ತಿಳಿದುಕೊಳ್ಳಿ. ಸಾಧನ ಕೆಡುತ್ತೆ ಅಂತ ಅಚ್ಚಾದರೆ ಮುಂದಿನ ಟೆಂಡರ್ ಹೋಯಿತು. ಎಲ್ಲರ ಸಾಧನವೂ ಕೆಡುತ್ತೆ, ಬರೆದುಕೊಂಡವನ ಹೆಸರು ಮಾತ್ರ ಕೆಡುತ್ತೆ.

ಅಧ್ಯಾಪಕಿ: ಹೆಸರು ಬೇಡ ಸರ್, ಅಂಕಿ ಸಾಕು. ಕಂಪನಿಗಳು ತಮಗೆ ಬಿದ್ದ ಪೆಟ್ಟಿನ ದಾಖಲೆ ತಂದು ವಿಶ್ವವಿದ್ಯಾಲಯದವರ ಮುಂದಿಟ್ಟ ಉದಾಹರಣೆ ಇದೆ. 2016ರಲ್ಲಿ ಮಿರಾಯ್ ಅನ್ನುವ ದುರುದ್ದೇಶದ ತಂತ್ರಾಂಶ ಬಂತು, ನಿಮಗೂ ನೆನಪಿರಬೇಕು. ಸಿಸಿಟಿವಿ ಕ್ಯಾಮೆರಾ, ಡಿವಿಆರ್, ಮನೆಯ ರೂಟರ್ ಇವುಗಳಿಗೆ ಫ್ಯಾಕ್ಟರಿಯಲ್ಲಿ ಹಾಕಿದ ಪಾಸ್‌ವರ್ಡ್ ಯಾರೂ ಬದಲಾಯಿಸಿರುವುದಿಲ್ಲ. ಅಡ್ಮಿನ್, ರೂಟ್, 12345 ಅಂಥವು. ಅಂಥ ಅರವತ್ತಕ್ಕೂ ಹೆಚ್ಚು ಜೋಡಿಗಳ ಪಟ್ಟಿ ಹಿಡಿದುಕೊಂಡು ಅದು ಒಂದೊಂದೇ ಬಾಗಿಲು ತಟ್ಟಿತು, ಅಷ್ಟೇ. ಒಂದು ಹಂತದಲ್ಲಿ ಸುಮಾರು 6 ಲಕ್ಷ ಸಾಧನಗಳು ಅದರ ಹಿಡಿತದಲ್ಲಿದ್ದವು. ಅಕ್ಟೋಬರ್ 21ರಂದು ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವು ಅಮೆರಿಕದ ಎಷ್ಟೋ ಜನರಿಗೆ ತೆರೆಯಲಿಲ್ಲ.

ಎಂಜಿನಿಯರ್: ಮಿರಾಯ್ ಬರೆದವರು ಎಳೆಯ ಹುಡುಗರು ಅಂತ ಆಮೇಲೆ ತಿಳಿಯಿತು.

ಅಧ್ಯಾಪಕಿ: ಹೌದು, ಮುಖ್ಯ ಆರೋಪಿ ಕಾಲೇಜು ವಿದ್ಯಾರ್ಥಿಯೇ. 2017ರಲ್ಲಿ ತಪ್ಪೊಪ್ಪಿಕೊಂಡರು. ಅದೇ ವರ್ಷ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಿರಾಯ್ ಬಗ್ಗೆ ಒಂದು ಪ್ರಬಂಧ ಬಂತು. ಅದನ್ನು ಬರೆದವರ ಸಾಲು ನೋಡಿ: ಮಿಶಿಗನ್, ಇಲಿನಾಯ್, ಜಾರ್ಜಿಯಾ ಟೆಕ್‌ನ ಸಂಶೋಧಕರು, ಅವರ ಪಕ್ಕದಲ್ಲೇ ಗೂಗಲ್, ಅಕಮಾಯ್, ಕ್ಲೌಡ್‌ಫ್ಲೇರ್‌ನವರು. ಒಬ್ಬರ ಬಳಿ ದಾಳಿಯ ಲಾಗ್ ಇತ್ತು, ಇನ್ನೊಬ್ಬರ ಬಳಿ ಇಂಟರ್ನೆಟ್ಟಿನಲ್ಲಿ ಯಾರು ಯಾರನ್ನು ತಟ್ಟುತ್ತಿದ್ದಾರೆ ಅಂತ ಕಿವಿಗೊಟ್ಟು ಕೂತ ಉಪಕರಣ ಇತ್ತು, ಮತ್ತೊಬ್ಬರ ಬಳಿ ಡಿಎನ್‌ಎಸ್ ದಾಖಲೆ. ಎಲ್ಲ ಜೋಡಿಸಿದ ಮೇಲೆ ಯಾವ ದಿನ ಯಾವ ಜಾತಿಯ ಸಾಧನ ಬಿತ್ತು ಅನ್ನುವುದರವರೆಗೆ ಚಿತ್ರ ಬಂತು. ಬೇರೆ ಬೇರೆಯಾಗಿ ಕೂತಿದ್ದರೆ ಯಾರಿಗೂ ಅಷ್ಟು ತಿಳಿಯುತ್ತಿರಲಿಲ್ಲ. ಇಂಥ ಪಾಸ್‌ವರ್ಡುಗಳನ್ನು ಈಗ ಕಾನೂನೇ ತಡೆಯುತ್ತೆ, 2024ರ ಏಪ್ರಿಲ್‌ನಿಂದ ಬ್ರಿಟನ್ನಿನಲ್ಲಿ ಅಂಥ ಸಾಧನ ಮಾರುವ ಹಾಗಿಲ್ಲ.

ಎಂಜಿನಿಯರ್: ಸರಿ, ಒಪ್ಪಿದೆ. ಆದರೆ ಪೇಟೆಂಟ್? ನಿಮ್ಮ ಹುಡುಗ ಮದ್ದು ಕಂಡುಹಿಡಿದರೆ ಅದು ಯಾರದು? ಈ ಒಂದು ಪ್ರಶ್ನೆಯ ಮೇಲೆ ವಕೀಲರು ವರ್ಷ ಕಳೆಯುತ್ತಾರೆ, ಅಷ್ಟರಲ್ಲಿ ಹುಡುಗ ಪಾಸಾಗಿ ಯಾವುದೋ ಸಾಫ್ಟ್‌ವೇರ್ ಕಂಪನಿ ಸೇರಿರುತ್ತಾನೆ.

ಅಧ್ಯಾಪಕಿ: ಎಲ್ಲದಕ್ಕೂ ಪೇಟೆಂಟ್ ಬೇಕೇ ಸರ್? ನಮ್ಮ ಹುಡುಗರು ತರುವ ಇಎಸ್‌ಪಿ32 ಬೋರ್ಡಿನಲ್ಲಿ ಇಂಟರ್ನೆಟ್ ಮಾತಾಡುವ ಭಾಗ ಇದೆಯಲ್ಲ, ಎಲ್‌ಡಬ್ಲ್ಯುಐಪಿ, ಅದು ಬಂದದ್ದು ಸ್ವೀಡನ್ನಿನ ಒಂದು ಸಂಶೋಧನಾ ಸಂಸ್ಥೆಯಿಂದ. 2001ರ ಸುಮಾರಿಗೆ ಆಡಮ್ ಡಂಕೆಲ್ಸ್ ಅನ್ನುವ ವಿದ್ಯಾರ್ಥಿ ಅದನ್ನು ಬರೆದರು. ಐಸ್ ಹಾಕಿ ಆಟಗಾರರ ಮೈಮೇಲೆ ಸಣ್ಣ ಸೆನ್ಸರ್ ಇಟ್ಟು ಅವರ ಸ್ಥಿತಿಯನ್ನು ನೋಡುವವರಿಗೆ ತಿಳಿಸುವ ಯೋಜನೆಗೆ. ಅಷ್ಟು ಕಡಿಮೆ ಮೆಮೊರಿಯಲ್ಲಿ ಇಂಟರ್ನೆಟ್ಟಿನ ನಿಯಮಗಳೆಲ್ಲ ಹಿಡಿಸುವುದಿಲ್ಲ ಅಂತ ಆಗ ಬಹಳ ಜನ ನಂಬಿದ್ದರು. ಹಿಡಿಸಿ ತೋರಿಸಿದರು, ಯಾರು ಬೇಕಾದರೂ ಬಳಸಿ ಅಂತ ಬಿಟ್ಟರು. ಈಗ ಅದು ಎಲ್ಲೆಲ್ಲೂ ಇದೆ, ಬಳಸುವ ಕಂಪನಿಗಳೇ ತಪ್ಪು ತಿದ್ದಿ ವಾಪಸ್ ಕೊಡುತ್ತವೆ. ಬ್ಯಾಟರಿಯ ಪದರವೂ ಹಾಗೇ. ಅದು ನಿಮ್ಮೊಬ್ಬರ ತೊಂದರೆ ಅಲ್ಲ, ಮೀಟರ್ ಮಾಡುವ ಎಲ್ಲರದ್ದೂ. ಎಲ್ಲರಿಗೂ ಬರುವ ತೊಂದರೆಯ ಮದ್ದು ಮುಕ್ತವಾಗಿರಲಿ. ನಿಮ್ಮ ಮೀಟರಿನ ಸ್ವಂತ ವಿನ್ಯಾಸ ನಿಮ್ಮದೇ, ಅದನ್ನು ನಾವು ಕೇಳುವುದಿಲ್ಲ.

ಎಂಜಿನಿಯರ್: ಈ ಗೆರೆ ಎಳೆಯುವುದೇ ಕಷ್ಟದ ಕೆಲಸ. ಆದರೂ ಎಳೆಯಬಹುದು. ನನಗೆ ತೋಚಿದ್ದು ಹೇಳುತ್ತೀನಿ. ವಾಪಸ್ ಬಂದ ಬೋರ್ಡುಗಳನ್ನು ಕಂಪನಿ ಕೊಡಲಿ. ಗ್ರಾಹಕರ ಹೆಸರು, ಮನೆ ವಿಳಾಸ ಅಳಿಸಿರಲಿ, ಊರು, ಹಾಕಿದ ತಿಂಗಳು, ಕೆಟ್ಟ ತಿಂಗಳು ಮಾತ್ರ ಇರಲಿ. ಯಾರ ಮನೆಯಲ್ಲಿ ಯಾವಾಗ ನೀರು ಬಿಟ್ಟರು ಅನ್ನುವುದು ಅವರ ಸ್ವಂತ ವಿಷಯ, ಮೀಟರಿನ ಮೆಮೊರಿಯನ್ನು ನಾವೇ ಒರೆಸಿ ಕೊಡುತ್ತೀವಿ. ನೀವು ಹೇಳಿದ ಮೂರನೆಯವರಿಗೆ ನ್ಯಾಯ ಸಲ್ಲಬೇಕಲ್ಲ.

ಅಧ್ಯಾಪಕಿ: ಅದಷ್ಟೇ ಸಾಲದು. ಹೊಲದವರು, ಮನೆಯವರು, ಪಂಚಾಯಿತಿಯ ವಾಟರ್‌ಮ್ಯಾನ್ ಇವರ ಮಾತೂ ಪೆಟ್ಟಿಗೆಯ ಜೊತೆ ಬರಬೇಕು. ಕರೆಂಟ್ ಹೋದಾಗ ಮೀಟರ್ ಏನು ಮಾಡಿತು, ಸಂಪಿನ ಮುಚ್ಚಳದ ಕೆಳಗೆ ಸಿಗ್ನಲ್ ಬರುತ್ತಿತ್ತೇ, ಇದು ವಾಟರ್‌ಮ್ಯಾನ್‌ಗೆ ಗೊತ್ತಿರುವಷ್ಟು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪಾವಗಡದಲ್ಲಿ ಅವರು ಮೊದಲು ಕೇಳಿದ್ದು ಅದಕ್ಕೇ.

ಎಂಜಿನಿಯರ್: ಸರ್ವಿಸ್ ಹುಡುಗರ ಹಾಳೆಗಳಲ್ಲಿ ಅದರಲ್ಲಿ ಒಂದಷ್ಟು ಇರುತ್ತೆ. ಯಾರೂ ಓದುವುದಿಲ್ಲ. ಅವನ್ನೂ ಕೊಡಿಸುತ್ತೀನಿ. ನಿಮ್ಮ ಕಡೆಯಿಂದ ಏನು?

ಅಧ್ಯಾಪಕಿ: ಸಮಯ. ಒಂದು ಬ್ಯಾಚಿನ ಹುಡುಗರು ಬಿಟ್ಟಲ್ಲಿಂದ ಮುಂದಿನ ಬ್ಯಾಚ್ ಹಿಡಿದುಕೊಳ್ಳಬೇಕು, ಪ್ರತಿವರ್ಷ ಹೊಸ ಟೈಟಲ್ ಹುಡುಕುವುದು ನಿಲ್ಲಬೇಕು. ಬೋರ್ಡುಗಳನ್ನು ಬಿಸಿಯಲ್ಲಿ, ತೇವದಲ್ಲಿ ಇಟ್ಟು ಅಳೆಯುತ್ತಾ ಹೋಗುತ್ತೀವಿ. ಮತ್ತೆ, ಕೆಟ್ಟದ್ದು ಯಾಕೆ ಅಂತ ಕಂಡುಹಿಡಿದ ವರದಿಗೂ ಹೊಸ ಸಾಧನ ಮಾಡಿದ್ದಕ್ಕೆ ಕೊಡುವಷ್ಟೇ ಅಂಕ ಕೊಡಿಸುವುದು ನನ್ನ ಜವಾಬ್ದಾರಿ. ಅದಕ್ಕೆ ಡಿಪಾರ್ಟ್‌ಮೆಂಟಿನಲ್ಲಿ ಜಗಳ ಆಡಬೇಕಾಗುತ್ತೆ, ಆಡುತ್ತೀನಿ. ನನ್ನ ಷರತ್ತು ಒಂದೇ. ಕಂಡದ್ದನ್ನು ಹುಡುಗರು ಅಚ್ಚು ಹಾಕಿಸಬಹುದು ಅಂತ ಮೊದಲೇ ಬರವಣಿಗೆಯಲ್ಲಿರಬೇಕು.

ಎಂಜಿನಿಯರ್: ಮೊದಲು ಕಂಪನಿಗೆ ತೋರಿಸಿ, ಒಂದೆರಡು ತಿಂಗಳು ಫರ್ಮ್‌ವೇರ್ ಸರಿಮಾಡುವುದಕ್ಕೆ ಬಿಡಿ, ಆಮೇಲೆ ಅಚ್ಚು ಹಾಕಿ. ಅಷ್ಟಕ್ಕೆ ನಮ್ಮವರು ಒಪ್ಪುತ್ತಾರೆ ಅಂತ ನನ್ನ ನಂಬಿಕೆ. ಸುರಕ್ಷತೆಯ ಲೋಪ ಕಂಡುಹಿಡಿಯುವವರಲ್ಲಿ ಇದೇ ಪದ್ಧತಿ ಇದೆ. ನಿಮ್ಮ ಹುಡುಗರು ಬೇಸಿಗೆಯಲ್ಲಿ ನಮ್ಮ ಸರ್ವಿಸ್ ಹುಡುಗರ ಬೈಕ್ ಹತ್ತಲಿ, ಮೀಟರ್ ಇರುವ ಕಡೆ ಹೋಗಿ ನೋಡಲಿ. ನಮ್ಮವರೂ ನಿಮ್ಮಲ್ಲಿಗೆ ಬರಲಿ. ಯುಜಿಸಿ 2022ರಲ್ಲಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ಒಂದು ದಾರಿ ತೆರೆದಿದೆ. ಉದ್ಯಮದಲ್ಲಿ ಹದಿನೈದು ವರ್ಷ ದುಡಿದವರು ಪಿಎಚ್‌ಡಿ ಇಲ್ಲದಿದ್ದರೂ ಪಾಠ ಮಾಡಬಹುದು. ಅದನ್ನು ಬಳಸಿ ಸೋಲ್ಡರ್ ಹಿಡಿದ ಕೈಗಳನ್ನು ಕರೆಯಿರಿ, ಬರೀ ವೈಸ್ ಪ್ರೆಸಿಡೆಂಟ್‌ಗಳನ್ನು ಕರೆಯಬೇಡಿ.

ಅಧ್ಯಾಪಕಿ: ಹಾಗಾದರೆ ಎಂಓಯು ಬರೆಯೋಣ, ಒಂದೇ ಪುಟ ಸಾಕು. ತೊಂದರೆಯ ಹೆಸರು ಮೊದಲ ಸಾಲಿನಲ್ಲಿರಲಿ. ಪ್ರಾಜೆಕ್ಟ್ ವಿಷಯ ಆರಿಸುವುದು ಸೆಮಿಸ್ಟರಿನ ಮೊದಲ ವಾರಗಳಲ್ಲೇ ಮುಗಿದುಹೋಗುತ್ತೆ ಸರ್. ಪೆಟ್ಟಿಗೆ ಅದಕ್ಕಿಂತ ಮುಂಚೆ ಬರಬೇಕು. ನಿಮ್ಮ ಕಂಪನಿ ಒಂದರಿಂದ ಸಾಲದು, ಪೀಣ್ಯದಲ್ಲಿ ನಿಮ್ಮ ಮಾತು ಕೇಳುವ ಬೇರೆ ಕಂಪನಿಯವರಿಗೂ ದಯವಿಟ್ಟು ಹೇಳಿ.